ಲಿಸ್ಟಿನಲ್ಲಿ ಎರಡನೇ ಹೆಸರು

2024ರಲ್ಲಿ ಗೌರಿಹಬ್ಬ ಶುಕ್ರವಾರ ಬಂದಿತ್ತು. ಅವತ್ತು ಸಂಜೆ ಒಲೆ ಮೇಲೆ ಒಬ್ಬಟ್ಟಿಗೆ ಕಡಲೆಬೇಳೆ ಬೇಯುತ್ತಿತ್ತು. ನನ್ನ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ನನ್ನ ಫ್ಯಾಂಟಸಿ ಫುಟ್ಬಾಲ್ ಟೀಮು. ಅಮೆರಿಕನ್ ಫುಟ್ಬಾಲ್ ಆಟಗಾರರನ್ನು ಆರಿಸಿ ನಾವೇ ಕಟ್ಟುವ ಟೀಮು, ಅವರು ನಿಜವಾದ ಆಟದಲ್ಲಿ ಏನು ಮಾಡುತ್ತಾರೋ ಅದರ ಮೇಲೆ ನಮಗೆ ಪಾಯಿಂಟು. ಸೀಸನ್ನಿನ ಮೊದಲ ವಾರ, ನನ್ನ ಹತ್ತಿರ ಇದ್ದ ಡಿಫೆನ್ಸಿಗೆ (ಎದುರಾಳಿಯನ್ನು ತಡೆಯುವ ಗುಂಪು, ಅದನ್ನು ಒಟ್ಟಿಗೇ ಆರಿಸುತ್ತೇವೆ) ಎದುರಾಳಿ ಗಟ್ಟಿ ಅನ್ನಿಸಿತು. ಇನ್ನೊಂದು ಡಿಫೆನ್ಸ್ ತಗೊಳ್ಳೋಣ ಅಂದರೆ ಟೀಮಿನಲ್ಲಿ ಜಾಗ ಇಲ್ಲ. ಯಾರನ್ನಾದರೂ ಬಿಡಬೇಕು. ಬೆಂಚಿನ ಕೊನೆಯಲ್ಲಿ ಜೋರ್ಡನ್ ಮೇಸನ್ ಅನ್ನುವವನಿದ್ದ. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿಯ ಬ್ಯಾಕಪ್. ಮೆಕ್ಯಾಫ್ರಿ ನನ್ನ ಮೊದಲ ಆಯ್ಕೆ, ಹಿಂದಿನ ವರ್ಷ ಅಮೆರಿಕದ ಇಡೀ ಫುಟ್ಬಾಲ್ ಲೀಗಿನಲ್ಲೇ ಅತಿ ಹೆಚ್ಚು, ಚೆಂಡು ಹಿಡಿದು 1,459 ಗಜ ಓಡಿದವನು. ಅವನಿಗೆ ಮೀನಖಂಡದ ನೋವು ಅಂತ ಸುದ್ದಿ ಇತ್ತು, ಪ್ರಾಕ್ಟೀಸನ್ನೂ ಅರ್ಧಂಬರ್ಧ ಮಾಡುತ್ತಿದ್ದ. ಆದರೂ ಸೋಮವಾರ ಆಡೇ ಆಡ್ತಾನೆ ಅಂತ ಕಂಡವರೆಲ್ಲ ಹೇಳುತ್ತಿದ್ದರು. ಬೇಳೆ ಉಕ್ಕಿತು. ನಾನು ಮೇಸನ್ನನ್ನು ಬಿಟ್ಟು ಒಲೆ ಸಣ್ಣ ಮಾಡಿದೆ.

ಸೋಮವಾರ, ಸೆಪ್ಟೆಂಬರ್ 9. ಆಟ ಶುರುವಾಗುವುದು ಇಲ್ಲಿ ಕ್ಯಾಲಿಫೋರ್ನಿಯಾದ ಸಂಜೆ 5:15ಕ್ಕೆ. ಯಾರು ಆಡಲ್ಲ ಅನ್ನುವ ಪಟ್ಟಿಯನ್ನು ತಂಡಗಳು ಒಂದೂವರೆ ಗಂಟೆ ಮೊದಲು ಕೊಡಬೇಕು. ಅಂದರೆ 3:45. ಆ ಹೊತ್ತಿಗೆ ನಾನು ಮೀಟಿಂಗಿನಲ್ಲಿದ್ದೆ. ಮೇಜಿನ ಮೇಲೆ ಬೋರಲು ಹಾಕಿದ್ದ ಫೋನು ಒಂದೇ ಸಮನೆ ನಡುಗತೊಡಗಿತು. ಎದುರಿಗೆ ಕೂತಿದ್ದ ಟೆಕ್ಸಸ್ಸಿನ ಸಹೋದ್ಯೋಗಿಯ ಫೋನೂ ನಡುಗಿತು. ಅವನೂ ನಮ್ಮ ಆಫೀಸಿನ ಫ್ಯಾಂಟಸಿ ಲೀಗಿನವನೇ. ವ್ಯತ್ಯಾಸ ಏನೆಂದರೆ ಅವನು ಫೋನನ್ನು ಬೋರಲು ಹಾಕಿರಲಿಲ್ಲ. ನಾನು ನನ್ನದನ್ನು ತಿರುಗಿಸಿ ನೋಡುವಷ್ಟರಲ್ಲಿ ಮೆಕ್ಯಾಫ್ರಿ ಆಡುತ್ತಿಲ್ಲ ಅನ್ನುವ ಸುದ್ದಿಯ ಕೆಳಗೇ ಇನ್ನೊಂದು ಸಾಲು ಬಂದಿತ್ತು. ಮೇಸನ್ ಈಗ ಅವನ ಟೀಮಿನಲ್ಲಿ. ಅವನು ತಲೆ ಎತ್ತಲಿಲ್ಲ. ತುಟಿಯಂಚಿನಲ್ಲಿ ನಕ್ಕ, ಅಷ್ಟೇ.

ನನ್ನ ಆಫೀಸಿರುವುದು ಸ್ಯಾಂಟಾ ಕ್ಲಾರಾದಲ್ಲಿ, ಫಾರ್ಟಿನೈನರ್ಸ್ ಸ್ಟೇಡಿಯಮ್ಮಿಗೆ ಹತ್ತಿರ. ಆಟ ಇರುವ ದಿನ ಟ್ಯಾಸ್ಮನ್ ರಸ್ತೆ ಜಾತ್ರೆ. ನಾಲ್ಕೂಕಾಲಿಗೆ ಹೊರಟರೂ ಸಿಕ್ಕಿಹಾಕಿಕೊಂಡೆ. ಲೈಟ್ ರೈಲಿನಿಂದ ಇಳಿದ ಕೆಂಪು ಅಂಗಿಯ ಜನ ನನ್ನ ಕಾರಿನ ಮುಂದೆ ಸಾಲುಸಾಲಾಗಿ ರಸ್ತೆ ದಾಟುತ್ತಿದ್ದರು. ಎಷ್ಟೋ ಬೆನ್ನುಗಳ ಮೇಲೆ 23. ಮೆಕ್ಯಾಫ್ರಿಯ ನಂಬರ್. ಅಪ್ಪನ ಹೆಗಲ ಮೇಲೆ ಕೂತಿದ್ದ ಒಂದು ಪುಟ್ಟ ಹುಡುಗಿಯ ಬೆನ್ನ ಮೇಲೂ 23. ಅವರಲ್ಲಿ ಎಷ್ಟು ಜನಕ್ಕೆ ಅವನು ಆಡಲ್ಲ ಅಂತ ಗೊತ್ತಿತ್ತೋ. ನನಗೆ ಮಾತ್ರ ಗೊತ್ತಿತ್ತು, ಗೊತ್ತಿದ್ದೂ ಏನೂ ಮಾಡುವ ಹಾಗಿರಲಿಲ್ಲ. ಆ ರಾತ್ರಿ ಮೇಸನ್ 28 ಸಲ ಚೆಂಡು ಹಿಡಿದು ಓಡಿದ. 147 ಗಜ, ಒಂದು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು. ಹಿಂದಿನ ಎರಡು ವರ್ಷ ಸೇರಿಸಿದರೂ ಅವನಿಗೆ ನೂರು ಸಲ ಚೆಂಡು ಸಿಕ್ಕಿರಲಿಲ್ಲ. 2022ರಲ್ಲಿ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸುತ್ತುಸುತ್ತಾಗಿ ಹೊಸ ಆಟಗಾರರನ್ನು ಆರಿಸುವಾಗ, ಯಾವ ತಂಡಕ್ಕೂ ಬೇಡವಾಗಿದ್ದ ಹುಡುಗ.

ಸೋತಿದ್ದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಬೇರೆ. ನಾಲ್ಕು ವರ್ಷ ಇದೇ ವಿಷಯವನ್ನು ಕೂತು ಕೂತು ಓದಿದ್ದೆ. ಯಾವ ಬ್ಯಾಕಪ್ ನಾಳೆ ಮುಖ್ಯ ಆಟಗಾರ ಆಗ್ತಾನೆ ಅಂತ ಊಹಿಸುವುದು ನನಗೆ ಸ್ವಲ್ಪ ಬರುತ್ತದೆ ಅಂದುಕೊಂಡಿದ್ದೆ.

ಹನ್ನೆರಡನೆಯವಳು

ಡ್ರೀಮ್ ಇಲೆವೆನ್ ಆಡಿದವರಿಗೆ ಇದು ಅರ್ಧ ಗೊತ್ತು. ಅಲ್ಲಿ ಪ್ರತಿ ಮ್ಯಾಚಿಗೂ ಹೊಸ ಟೀಮು, ಕೊಹ್ಲಿ ಎಲ್ಲರ ಟೀಮಿನಲ್ಲೂ ಇರಬಹುದಿತ್ತು. ಇಲ್ಲಿ ಹಾಗಲ್ಲ. ಆಗಸ್ಟ್ ಕೊನೆಯಲ್ಲಿ ಹನ್ನೆರಡು ಜನ ಕೂತು ಒಬ್ಬರಾದ ಮೇಲೆ ಒಬ್ಬರು ಆರಿಸುತ್ತಾರೆ. ಒಬ್ಬರು ಆರಿಸಿಕೊಂಡ ಆಟಗಾರ ಆ ಲೀಗಿನಲ್ಲಿ ಬೇರೆ ಯಾರಿಗೂ ಇಲ್ಲ. ಯಾರೂ ಆರಿಸದೆ ಉಳಿದವರು ಒಂದು ಕೊಳದಲ್ಲಿರುತ್ತಾರೆ. ವಾರವಾರ ಅವರಿಗೆ ಗುಟ್ಟಿನ ಹರಾಜು. ನಮ್ಮ ಲೀಗಿನಲ್ಲಿ ಇಡೀ ಸೀಸನ್ನಿಗೆ ತಲೆಗೆ 100 ಡಾಲರ್, ಅದೂ ಸುಳ್ಳು ದುಡ್ಡು. (ಈ ಹುಚ್ಚು ಹುಟ್ಟಿದ್ದು ನಮ್ಮ ಪಕ್ಕದ ಓಕ್ಲೆಂಡಿನವರ ತಲೆಯಲ್ಲಿ. 1962ರಲ್ಲಿ ಓಕ್ಲೆಂಡ್ ರೇಡರ್ಸ್ ತಂಡದ ಪಾಲುದಾರ ಬಿಲ್ ವಿಂಕನ್‌ಬಾಕ್ ತಂಡದ ಜೊತೆ ನ್ಯೂಯಾರ್ಕಿಗೆ ಹೋಗಿದ್ದಾಗ, ಹೋಟೆಲಿನಲ್ಲಿ ಕೂತು ಗೆಳೆಯರ ಜೊತೆ ಇದರ ನಿಯಮ ಬರೆದ.)

ನಾನು ಸೇರಿದ್ದು 2020ರಲ್ಲಿ. ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದ ವರ್ಷ. ಆಫೀಸಿನ ಲೀಗಿಗೆ ಹನ್ನೊಂದು ಜನ ಸಿಕ್ಕಿದ್ದರು, ಇನ್ನೊಬ್ಬರು ಬೇಕಿತ್ತು. ಸುಮ್ನೆ ಹೆಸರು ಕೊಡಿ ಸಾಕು, ಏನೂ ಮಾಡಬೇಕಾಗಿಲ್ಲ ಅಂದರು. ಯಾರೋ ಬಿಟ್ಟುಹೋದ ಜಾಗಕ್ಕೆ ನಾನೇ ಬದಲಿ. ನಮ್ಮ ಲೀಗಿನ ಡ್ರಾಫ್ಟಿನಲ್ಲಿ ನನ್ನ ಸರದಿ ಬಂದಾಗ ಪಟ್ಟಿಯಲ್ಲಿ ಮೇಲಿದ್ದ ಹೆಸರನ್ನು ಒತ್ತಿದೆ. ನ್ಯೂಯಾರ್ಕ್ ಜೈಂಟ್ಸಿನ ಸೇಕ್ವಾನ್ ಬಾರ್ಕ್ಲಿ.

ಎರಡನೇ ವಾರಕ್ಕೇ, ಸೆಪ್ಟೆಂಬರ್ 20ರಂದು, ಶಿಕಾಗೋದಲ್ಲಿ ಅವನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಸೀಸನ್ ಮುಗಿಯಿತು. ಅದೇ ದಿನ ಮೆಕ್ಯಾಫ್ರಿಗೂ, ಅವನು ಆಗ ಕೆರೊಲೈನಾದಲ್ಲಿದ್ದ, ಕಣಕಾಲು ಉಳುಕಿತು. ಒಂದೇ ಮಧ್ಯಾಹ್ನ ಲೀಗಿನ ಇಬ್ಬರು ದೊಡ್ಡ ರನ್ನಿಂಗ್ ಬ್ಯಾಕ್‌ಗಳು, ಅಂದರೆ ಚೆಂಡು ಹಿಡಿದು ಓಡುವವರು, ಮೂಲೆಗೆ. ಏನೂ ಮಾಡಬೇಕಾಗಿಲ್ಲ ಅಂತ ಸೇರಿದ್ದವಳು ಆ ರಾತ್ರಿ ಹನ್ನೆರಡರವರೆಗೆ ಕೂತು ಓದಿದೆ. ಜೈಂಟ್ಸಿನಲ್ಲಿ ಬಾರ್ಕ್ಲಿ ಆದಮೇಲೆ ಯಾರು? ಯಾವ ಜಾಗಕ್ಕೆ ಯಾರು ಮೊದಲು, ಯಾರು ಆಮೇಲೆ ಅಂತ ತಂಡ ಹೊರಗೆ ಕೊಡುವ ಪಟ್ಟಿಯಲ್ಲಿ ಎರಡನೇ ಹೆಸರು ಡಿಯಾನ್ ಲೂಯಿಸ್. ಸರಿ, ಅವನಿಗೆ ದುಡ್ಡು ಹಾಕಿದೆ. ಗೆದ್ದೆ. ಅದೇ ವಾರ ಜೈಂಟ್ಸಿನವರು ಹೊರಗಿನಿಂದ ಡೆವಾಂಟಾ ಫ್ರೀಮನ್ ಅನ್ನುವ ಹಳಬನನ್ನು ಕರೆತಂದರು. ಅಯ್ಯೋ ಅಂತ ಅವನಿಗೂ ದುಡ್ಡು ಹಾಕಿದೆ. ಅವನಿಗೂ ಗಾಯ. ಕೊನೆಗೆ ಆ ಕೆಲಸ ಕೈಗೆ ಬಂದಿದ್ದು ವೇಯ್ನ್ ಗಾಲ್ಮನ್ನಿಗೆ. ಅವನು 2017ರಿಂದ ಅದೇ ತಂಡದಲ್ಲಿದ್ದ. ಮೊದಲ ದಿನದಿಂದ ನನ್ನ ಕಣ್ಣೆದುರೇ ಇದ್ದ. ಅವನು ಓಡತೊಡಗಿದಾಗ ನನ್ನ ಹತ್ತಿರ ದುಡ್ಡು ಉಳಿದಿರಲಿಲ್ಲ.

ಖಾಲಿ ಆಗುವುದು ಕುರ್ಚಿಯಲ್ಲ

ರನ್ನಿಂಗ್ ಬ್ಯಾಕ್‌ಗಳ ಮೇಲೆಯೇ ಯಾಕೆ ಇಷ್ಟು ತಲೆಬಿಸಿ ಅಂದರೆ, ಅವರ ಕೆಲಸ ಹಾಗಿದೆ. ಚೆಂಡು ಹಿಡಿದು ಗುಂಪಿನೊಳಗೆ ನುಗ್ಗಬೇಕು. ಎದುರಿಗಿರುವವರಲ್ಲಿ ಕೆಲವರು 140 ಕೆಜಿ ತೂಗುತ್ತಾರೆ. ಪಂದ್ಯಕ್ಕೆ ಇಪ್ಪತ್ತು ಸಲ ಅವರ ಕೈಗೆ ಸಿಕ್ಕಿ ಬೀಳಬೇಕು. ಮೂವತ್ತು ತುಂಬುವಷ್ಟರಲ್ಲಿ ಮುದುಕ ಅಂತ ಹೆಸರು. ಗಾಯ ಆಗುತ್ತದಾ ಅನ್ನುವುದು ಪ್ರಶ್ನೆಯೇ ಅಲ್ಲ, ಯಾವಾಗ ಅನ್ನುವುದಷ್ಟೇ. ಇನ್ನೊಂದು ವಿಷಯ: ಎಸೆದ ಚೆಂಡನ್ನು ಹಿಡಿಯುವ ರಿಸೀವರ್ ಒಬ್ಬ ಗಾಯಗೊಂಡರೆ ಅವನ ಪಾಲು ನಾಲ್ಕೈದು ಜನಕ್ಕೆ ಹಂಚಿಹೋಗುತ್ತದೆ. ರನ್ನಿಂಗ್ ಬ್ಯಾಕ್ ಬಿದ್ದರೆ ಬಹಳ ಸಲ ಅಷ್ಟೂ ಕೆಲಸ ಒಬ್ಬನಿಗೇ. ನಿನ್ನೆ ಯಾರಿಗೂ ಗೊತ್ತಿಲ್ಲದವನು ಇವತ್ತು 20 ಪಾಯಿಂಟ್ ತರುತ್ತಾನೆ. ಅದಕ್ಕೇ ಮುಖ್ಯ ಆಟಗಾರನ ಜೊತೆ ಅವನ ಬ್ಯಾಕಪ್ಪನ್ನೂ ಕಟ್ಟಿಕೊಳ್ಳುವುದಕ್ಕೆ ಇಲ್ಲಿ ‘ಹ್ಯಾಂಡ್‌ಕಫ್’ ಅನ್ನುತ್ತಾರೆ. ಕೈಕೋಳ. ಒಬ್ಬನನ್ನು ಇನ್ನೊಬ್ಬನ ಕೈಗೆ ಬಿಗಿದ ಹಾಗೆ.

ಆದರೆ ಯಾರ ಕೈಗೆ ಬಿಗಿಯಬೇಕು? ಅಲ್ಲೇ ನಾನು ವರ್ಷಗಟ್ಟಲೆ ತಪ್ಪಿದ್ದು. ಒಬ್ಬ ಎದ್ದುಹೋದರೆ ಒಂದು ಕುರ್ಚಿ ಖಾಲಿ, ಸಾಲಿನಲ್ಲಿ ಮುಂದಿನವನು ಬಂದು ಕೂರುತ್ತಾನೆ ಅಂದುಕೊಂಡಿದ್ದೆ. ಖಾಲಿ ಆಗುವುದು ಕುರ್ಚಿಯಲ್ಲ, ಒಂದು ಕೆಲಸ. ಡಿಯಾನ್ ಲೂಯಿಸ್ ಚಿಕ್ಕ ಮೈಯವನು. ಪಾಸ್ ಹಿಡಿಯುವ ಹೊತ್ತಿನಲ್ಲಿ ಒಳಗೆ ಬಂದು ಹೋಗುವುದು ಅವನ ಕೆಲಸ. ಬಾರ್ಕ್ಲಿ ಇದ್ದಾಗಲೂ ಅದೇ, ಇಲ್ಲದಾಗಲೂ ಅದೇ. ಇಪ್ಪತ್ತು ಸಲ ಗೋಡೆಗೆ ಗುದ್ದುವ ಕೆಲಸಕ್ಕೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಪಟ್ಟಿಯಲ್ಲಿ ಎರಡನೇ ಹೆಸರು ಅಂದರೆ ಎರಡನೇ ಆಟಗಾರ ಅಂತ ಅರ್ಥ, ಮೊದಲನೆಯವನ ವಾರಸುದಾರ ಅಂತ ಅಲ್ಲ. ಅಷ್ಟಕ್ಕೂ ತಂಡಗಳು ಹೊರಗೆ ಕೊಡುವ ಆ ಪಟ್ಟಿಯನ್ನು ಎಷ್ಟೋ ಕಡೆ ಕೋಚ್ ಬರೆಯುವುದೇ ಇಲ್ಲ, ಪತ್ರಿಕೆಯವರನ್ನು ನೋಡಿಕೊಳ್ಳುವ ವಿಭಾಗದವರು ಬರೆಯುತ್ತಾರೆ. ಇದು ಗೊತ್ತಾದ ದಿನ ನನ್ನ ಮೇಲೆ ನನಗೇ ನಗು ಬಂತು. ಅದನ್ನೇ ಭಗವದ್ಗೀತೆ ಥರ ಓದುತ್ತಿದ್ದೆನಲ್ಲ!

ಮಾರನೇ ವರ್ಷ, 2021ರಲ್ಲಿ, ಇನ್ನೂ ಚೆನ್ನಾಗಿ ಏಟು ಬಿತ್ತು. ಫಾರ್ಟಿನೈನರ್ಸ್ ಆ ಸಲ ಡ್ರಾಫ್ಟಿನಲ್ಲಿ ಇಬ್ಬರು ರನ್ನಿಂಗ್ ಬ್ಯಾಕ್‌ಗಳನ್ನು ತಗೊಂಡಿದ್ದರು. ಮೂರನೇ ಸುತ್ತಿನಲ್ಲಿ ಟ್ರೇ ಸರ್ಮನ್, ಆರನೇ ಸುತ್ತಿನಲ್ಲಿ ಎಲೈಜಾ ಮಿಚೆಲ್. ಮುಖ್ಯ ಆಟಗಾರ ರಹೀಮ್ ಮೋಸ್ಟರ್ಟ್, ಅವನಿಗೆ ಗಾಯದ ಇತಿಹಾಸ. ಅವನು ಬಿದ್ದರೆ ಸರ್ಮನ್ ಅನ್ನುವುದು ಬೇಸಿಗೆಯಿಡೀ ಎಲ್ಲರ ಬಾಯಲ್ಲೂ ಇತ್ತು. ಮೂರನೇ ಸುತ್ತು ದುಬಾರಿ, ದುಬಾರಿ ಕೊಟ್ಟು ತಂದವನನ್ನು ಕೂರಿಸುತ್ತಾರಾ? ನಾನೂ ನಮ್ಮ ಲೀಗಿನ ಡ್ರಾಫ್ಟಿನ ಏಳನೇ ಸುತ್ತಿನಲ್ಲೇ ಸರ್ಮನ್ನನ್ನು ತಗೊಂಡು ಜಾಣೆ ಅನ್ನಿಸಿಕೊಂಡೆ. ಮೊದಲ ಭಾನುವಾರ ಡೆಟ್ರಾಯಿಟಿನಲ್ಲಿ ಆಟ. ನಮಗೆ ಬೆಳಗ್ಗೆ ಹತ್ತು ಗಂಟೆ. ಎಂಟೂವರೆಗೆ ಪಟ್ಟಿ ಬಂತು. ಸರ್ಮನ್ ಆಡುವವರಲ್ಲೇ ಇಲ್ಲ! ಗಾಯವೂ ಇಲ್ಲ, ಕಾಯಿಲೆಯೂ ಇಲ್ಲ. ಕೋಚಿಗೆ ಅವತ್ತು ಬೇಕಾಗಿರಲಿಲ್ಲ. ಮೋಸ್ಟರ್ಟ್ ಎರಡು ಸಲ ಓಡಿದ, ಮೊಣಕಾಲು ಹಿಡಿದುಕೊಂಡು ಹೊರಗೆ ನಡೆದ. ಎಲ್ಲರೂ ಕಾಯುತ್ತಿದ್ದ ಘಟನೆ ನಡೆದೇಹೋಯಿತು, ಆದರೆ ನಾವು ಕಾಯುತ್ತಿದ್ದವನು ಸಾದಾ ಬಟ್ಟೆಯಲ್ಲಿ ನಿಂತಿದ್ದ. ಆರನೇ ಸುತ್ತಿನ ಮಿಚೆಲ್ 104 ಗಜ ಓಡಿದ. ಮಂಗಳವಾರ ರಾತ್ರಿ ನಾನು 38 ಡಾಲರ್ ಬಿಡ್ ಹಾಕಿದೆ. ಬುಧವಾರ ಬೆಳಗ್ಗೆ ಎದ್ದು ನೋಡಿದರೆ ಟೆಕ್ಸಸ್ಸಿನವನು 61 ಹಾಕಿದ್ದ. ಆ ಸೀಸನ್ನಿನಲ್ಲಿ ಮಿಚೆಲ್ ಒಟ್ಟು 963 ಗಜ ಓಡಿದ.

ಆಮೇಲೆ ನಾನು ನೋಡುವ ರೀತಿ ಬದಲಾಯಿತು. ಆಗಸ್ಟಿನ ಅಭ್ಯಾಸದ ಪಂದ್ಯಗಳಲ್ಲಿ ಯಾರು ಚೆನ್ನಾಗಿ ಓಡಿದರು ಅಂತ ನೋಡುವುದನ್ನು ಬಿಟ್ಟೆ. ಯಾರು ಆಡಲಿಲ್ಲ ಅಂತ ನೋಡತೊಡಗಿದೆ. ಕೊನೆಯ ಅಭ್ಯಾಸ ಪಂದ್ಯದಲ್ಲಿ 120 ಗಜ ಓಡಿದವನು ಬಹಳ ಸಲ ಕೆಲಸ ಉಳಿಸಿಕೊಳ್ಳಲು ಓಡುತ್ತಿರುತ್ತಾನೆ. ಕೋಚು ಯಾವ ಬ್ಯಾಕಪ್ಪನ್ನು ಮುಖ್ಯ ಆಟಗಾರರ ಜೊತೆ ಆಡಿಸದೆ, ತಲೆಗೆ ಟೋಪಿ ಹಾಕಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾನೋ, ಅವನ ಮೇಲೆ ಕೋಚಿಗೆ ಏನೋ ಲೆಕ್ಕ ಇದೆ ಅಂತ ಅರ್ಥ. ಇನ್ನೊಂದು, ಟೀವಿಯಲ್ಲಿ ಕಾಣದ ಕೆಲಸ. ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯಲು ನಿಂತಾಗ ಅವನ ಮೇಲೆ ನುಗ್ಗಿ ಬರುವವನಿಗೆ ಅಡ್ಡ ನಿಲ್ಲಬೇಕಾದದ್ದು ಎಷ್ಟೋ ಸಲ ಈ ರನ್ನಿಂಗ್ ಬ್ಯಾಕೇ. ತನಗಿಂತ ಇಪ್ಪತ್ತು ಮೂವತ್ತು ಕೆಜಿ ಹೆಚ್ಚಿರುವವನಿಗೆ ಎದೆ ಕೊಡಬೇಕು, ಅದಕ್ಕೂ ಮೊದಲು ಯಾವ ಕಡೆಯಿಂದ ಬರುತ್ತಾನೆ ಅಂತ ಓದಬೇಕು. ಅಲ್ಲೊಮ್ಮೆ ಎಡವಿದರೆ ತಂಡದ ಅತಿ ದುಬಾರಿ ಆಟಗಾರ ಆಸ್ಪತ್ರೆಗೆ. ಹಾಗಾಗಿ ಜಿಂಕೆ ಥರ ಓಡುವ ಹೊಸ ಹುಡುಗನನ್ನು ಬಿಟ್ಟು ಸಾಧಾರಣ ಓಡುವ ಹಳಬನನ್ನು ಕೋಚ್ ಕಳಿಸುತ್ತಾನೆ. ನಾವು ಮನೆಯಲ್ಲಿ ಕೂತು ಕೋಚಿಗೆ ತಲೆ ಇಲ್ಲ ಅಂತ ಬೈಯುತ್ತೇವೆ.

ಕೈಗುಣ ಯಾರದು

ಇಷ್ಟಾದರೂ ಕೆಲವು ತಂಡಗಳಲ್ಲಿ ಯಾರನ್ನು ನಿಲ್ಲಿಸಿದರೂ ಓಡುತ್ತಾರೆ. 1998ರಲ್ಲಿ ಡೆನ್ವರ್ ತಂಡದ ಟೆರೆಲ್ ಡೇವಿಸ್ 2,008 ಗಜ ಓಡಿದ. ಮುಂದಿನ ವರ್ಷ ಅವನ ಮೊಣಕಾಲು ಹೋಯಿತು. ಒಲಾಂಡಿಸ್ ಗ್ಯಾರಿ ಅನ್ನುವ ಹೊಸ ಹುಡುಗ ಬಂದು 1,159 ಗಜ ಓಡಿದ. ಅದರ ಮುಂದಿನ ವರ್ಷ ಮೈಕ್ ಆಂಡರ್ಸನ್, ಹಿಂದೆ ಮರೀನ್ ದಳದಲ್ಲಿದ್ದವನು, ಆರನೇ ಸುತ್ತಿನಲ್ಲಿ ಬಂದವನು, 1,487 ಗಜ. ಮೂರು ವರ್ಷ ಮೂರು ಜನ. ಕೋಚ್ ಒಬ್ಬನೇ, ಮೈಕ್ ಶಾನಹನ್. ಮುಂದೆ ನಿಂತು ದಾರಿ ಬಿಡಿಸುವ ಐದು ಜನ ಒಬ್ಬೊಬ್ಬ ಎದುರಾಳಿಯನ್ನು ಹಿಡಿಯುವುದರ ಬದಲು ಒಟ್ಟಿಗೆ ಒಂದೇ ಕಡೆಗೆ ಸರಿಯುತ್ತಿದ್ದರು. ಓಡುವವನು ಬಿರುಕು ಎಲ್ಲಿ ಬಿಡುತ್ತದೆ ಅಂತ ನೋಡಿ, ಒಂದೇ ಹೆಜ್ಜೆ ತಿರುಗಿ ನುಗ್ಗಬೇಕು. ಅಡುಗೆಯವನು ಬದಲಾದರೂ ರುಚಿ ಅದೇ, ಯಾಕೆಂದರೆ ಮಸಾಲೆಪುಡಿ ಮನೆಯದು. ಅವರ ಮಗ ಕೈಲ್ ಶಾನಹನ್ 2017ರಿಂದ ಫಾರ್ಟಿನೈನರ್ಸಿನ ಕೋಚ್. ಮಸಾಲೆಪುಡಿಯೂ ಬಂತು. ಮೋಸ್ಟರ್ಟ್, ಮಿಚೆಲ್, ಆಮೇಲೆ ಮೇಸನ್.

ಇದೆಲ್ಲ ಗೊತ್ತಿದ್ದೂ ಒಬ್ಬಟ್ಟಿನ ಬೇಳೆ ಉಕ್ಕುವಾಗ ಮೇಸನ್ನನ್ನು ಬಿಟ್ಟವಳು ನಾನು.

ಇದಕ್ಕೆ ತಿರುಗುಮುರುಗಾದ ಕಥೆಯೂ ಇದೆ. ಮಿನೆಸೋಟದಲ್ಲಿ ಅಲೆಕ್ಸಾಂಡರ್ ಮ್ಯಾಟಿಸನ್ ನಾಲ್ಕು ವರ್ಷ ಡಾಲ್ವಿನ್ ಕುಕ್‌ನ ಹಿಂದೆ ಕೂತಿದ್ದ. 2021ರಲ್ಲಿ ಕುಕ್ ಇಲ್ಲದ ಆಟಗಳಲ್ಲಿ ಎರಡು ಸಲ ನೂರು ಗಜ ದಾಟಿದ. ಇವನಿಗೆ ಪೂರ್ತಿ ಕೆಲಸ ಸಿಕ್ಕರೆ ನೋಡಿ ಅಂತ ನಾವೆಲ್ಲ ಹೇಳಿದ್ದೇ ಹೇಳಿದ್ದು. 2023ರಲ್ಲಿ ಕುಕ್‌ನನ್ನು ಬಿಟ್ಟರು, ಮ್ಯಾಟಿಸನ್ನಿಗೆ ಪೂರ್ತಿ ಕೆಲಸ ಸಿಕ್ಕಿತು. ಇಡೀ ಸೀಸನ್ 700 ಗಜ, ಓಡಿ ಗಳಿಸಿದ ಟಚ್‌ಡೌನ್ ಒಂದೂ ಇಲ್ಲ. ಎರಡು ದಿನ ಚೆನ್ನಾಗಿ ನಡೆಸಿದವನಿಗೆ ವರ್ಷವಿಡೀ ನಡೆಸಲು ಬರಬೇಕೆಂದಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಅವನಿಗೆ ಯಾರೂ ಇಲ್ಲದಾಗ ಆಡುವುದೇ ಹೊಂದುತ್ತಿತ್ತೇನೋ.

ಇನ್ನು ಕರೀಮ್ ಹಂಟ್. 2017ರ ಆಗಸ್ಟಿನಲ್ಲಿ ಕ್ಯಾನ್ಸಸ್ ಸಿಟಿಯ ಮುಖ್ಯ ರನ್ನಿಂಗ್ ಬ್ಯಾಕಿಗೆ ಮೊಣಕಾಲು ಗಾಯವಾಗಿ, ಮೂರನೇ ಸುತ್ತಿನ ಹೊಸಬ ಹಂಟ್‌ಗೆ ಜಾಗ ಸಿಕ್ಕಿತು. ಮೊದಲ ಆಟ, ಮೊದಲ ಓಟ, ಕೈಯಿಂದ ಚೆಂಡು ಜಾರಿತು. ಕೋಚ್ ಆಂಡಿ ರೀಡ್ ಅವನನ್ನು ಕೂರಿಸಲಿಲ್ಲ. ಆಟ ಮುಗಿದಾಗ ಓಟ, ಪಾಸ್ ಸೇರಿ 246 ಗಜ, ಮೂರು ಟಚ್‌ಡೌನ್. ಆ ವರ್ಷ ಇಡೀ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು, 1,327 ಗಜ, ಓಡಿದವನು ಅವನೇ. ಏಳು ವರ್ಷದ ನಂತರ, 2024ರ ಸೆಪ್ಟೆಂಬರಿನಲ್ಲಿ, ಅದೇ ತಂಡದ ಇಸಾಯಾ ಪಚೆಕೊನ ಕಾಲಿನ ಮೂಳೆ ಮುರಿಯಿತು. ಎಲ್ಲರೂ ಕಾರ್ಸನ್ ಸ್ಟೀಲ್ ಅನ್ನುವ ಹೊಸಬನ ಹಿಂದೆ ಓಡಿದರು. ಎರಡು ವಾರ ಕಳೆಯುವುದರೊಳಗೆ ಅವನು ಚೆಂಡು ಬೀಳಿಸಿದ, ಕೆಲಸ ಹೋಯಿತು. ಬಂದವನು ಹಂಟ್. ಪಚೆಕೊ ಬಿದ್ದ ದಿನ ಅವನು ಯಾವ ತಂಡದಲ್ಲೂ ಇರಲಿಲ್ಲ, ಪಟ್ಟಿಯಲ್ಲಿ ಎರಡನೆಯವನೂ ಅಲ್ಲ, ಹತ್ತನೆಯವನೂ ಅಲ್ಲ. ಕೋಚಿಗೆ ಗೊತ್ತಿದ್ದವನು, ಅಷ್ಟೇ. (ಅವನನ್ನು ನಾನು ಯಾವತ್ತೂ ತಗೊಂಡಿಲ್ಲ. 2018ರ ಕೊನೆಯಲ್ಲಿ ಅವನು ಒಬ್ಬ ಹೆಣ್ಣುಮಗಳನ್ನು ತಳ್ಳಿ ಒದೆಯುವ ವಿಡಿಯೋ ಹೊರಬಂದು ಇದೇ ತಂಡ ಅವನನ್ನು ತೆಗೆದುಹಾಕಿತ್ತು. ಪಾಯಿಂಟಿಗಾಗಿ ಅದನ್ನು ಮರೆಯಲು ನನ್ನಿಂದ ಆಗಲ್ಲ. ಲೀಗಿನಲ್ಲಿ ಉಳಿದವರಿಗೆ ಆಗುತ್ತದೆ.)

ಹಿಮದಲ್ಲಿ

ಮೆಕ್ಯಾಫ್ರಿ ನವೆಂಬರಿನಲ್ಲಿ ವಾಪಸ್ ಬಂದ. ಎರಡು ತಿಂಗಳು ನನ್ನ ಬೆಂಚಿನಲ್ಲಿ ಸುಮ್ಮನೆ ಜಾಗ ಹಿಡಿದುಕೊಂಡಿದ್ದ. ಡಿಸೆಂಬರ್ 1, ಭಾನುವಾರ ರಾತ್ರಿ, ಬಫಲೋದಲ್ಲಿ ಆಟ. ಅಲ್ಲಿ ಹಿಮ ಸುರಿಯುತ್ತಿತ್ತು. ಗೆರೆಗಳು ಕಾಣಲಿ ಅಂತ ಗುಡಿಸುತ್ತಲೇ ಇದ್ದರು. ಕೊನೆಗೂ ಅವನು ಹಳೆಯ ಮೆಕ್ಯಾಫ್ರಿ ಥರ ಓಡುತ್ತಿದ್ದ, ನಾನು ಸೋಫಾದ ಅಂಚಿಗೆ ಬಂದಿದ್ದೆ. ಒಂದು ಓಟದ ಕೊನೆಯಲ್ಲಿ ಬಿದ್ದ. ಎದ್ದ, ಎರಡು ಹೆಜ್ಜೆ ಇಟ್ಟ, ಅವನ ಮುಖ ನೋಡಿದರೇ ಗೊತ್ತಾಯಿತು.

ನಾನು ಅಯ್ಯೋ ಅಂದೆ. ಆದರೆ ನನ್ನ ಕೈ ಅಷ್ಟರಲ್ಲಿ ಫೋನಿನ ಮೇಲಿತ್ತು. ಟೀವಿಯಲ್ಲಿ ಅವನು ಬಿದ್ದದ್ದನ್ನು ಎರಡನೇ ಸಲ ತೋರಿಸುವ ಮೊದಲೇ ನಾನು ಮೇಸನ್ ಇನ್ನೂ ಟೆಕ್ಸಸ್ಸಿನವನ ಹತ್ತಿರ ಇದ್ದಾನಾ ಅಂತ ನೋಡಿಯಾಗಿತ್ತು. ಇದ್ದ. ಸ್ವಲ್ಪ ಹೊತ್ತಿಗೆ ಮೇಸನ್ನಿಗೂ ಕಣಕಾಲು ಹೋಯಿತು. ಆಗ ನಾನು ಅಯ್ಯೋ ಅನ್ನಲೂ ಇಲ್ಲ. ಐಸಾಕ್ ಗೆರೆಂಡೊ ಅಂತ ಟೈಪ್ ಮಾಡುತ್ತಿದ್ದೆ. ನಾಲ್ಕನೇ ಸುತ್ತಿನ ಹೊಸ ಹುಡುಗ, ಯಾರ ಟೀಮಿನಲ್ಲೂ ಇರಲಿಲ್ಲ. ನನ್ನ ಹತ್ತಿರ ಉಳಿದಿದ್ದ 9 ಡಾಲರನ್ನೂ ಅವನ ಮೇಲೆ ಹಾಕಿಟ್ಟೆ. ಪಕ್ಕದಲ್ಲಿ ಕೂತಿದ್ದ ಮಗ, ಎಂಟು ವರ್ಷದವನು, “ಅಮ್ಮಾ, ಅವ್ನಿಗೆ ತುಂಬಾ ನೋವಾಯ್ತಾ?” ಅಂತ ಕೇಳಿದ. ಗೊತ್ತಿಲ್ಲ ಕಣೋ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನಾನು ನೋಡಿರಲಿಲ್ಲ.

ಮುಂದಿನ ಭಾನುವಾರ ಗೆರೆಂಡೊ 78 ಗಜ ಓಡಿ ಎರಡು ಟಚ್‌ಡೌನ್ ಗಳಿಸಿದ. ನಾನು ಆ ವಾರ ಗೆದ್ದೆ. ನಾಲ್ಕೂವರೆ ವರ್ಷದಲ್ಲಿ ಮೊದಲ ಸಲ ಸರಿಯಾದ ಬದಲಿ ಸರಿಯಾದ ಹೊತ್ತಿಗೆ ನನ್ನ ಕೈಯಲ್ಲಿದ್ದ. ಖುಷಿ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಡಿಪೋದ ಬೆಂಚು

ಇದನ್ನು ಬರೆಯಬೇಕು ಅನ್ನಿಸಿದ್ದು ಅಪ್ಪನಿಂದ. ಸೆಪ್ಟೆಂಬರಿನ ಆ ಸೋಮವಾರ ಸಂಜೆ ಮನೆಗೆ ಬಂದು, ಟೀವಿ ಹಾಕಿ, ಹಬ್ಬದಲ್ಲಿ ಉಳಿದಿದ್ದ ಚಕ್ಕುಲಿ ಮುರಿಯುತ್ತಾ ಅಪ್ಪನಿಗೆ ಫೋನ್ ಮಾಡಿದ್ದೆ. ಹಾಸನದಲ್ಲಿ ಆಗ ಮಂಗಳವಾರ ಬೆಳಗ್ಗೆ ಆರು. ಅಪ್ಪ ನಾಲ್ಕಕ್ಕೇ ಎದ್ದು ಎರಡನೇ ಕಾಫಿಯಲ್ಲಿರುತ್ತಾರೆ, ರಿಟೈರಾಗಿ ಹದಿನೈದು ವರ್ಷವಾದರೂ.

“ಯಾಕಮ್ಮ, ದನಿ ಸಪ್ಪಗಿದೆ?”

“ಏನಿಲ್ಲ ಅಪ್ಪಾ. ಆಟದ್ದು. ನನ್ನ ಆಟಗಾರ ಇವತ್ತು ಆಡ್ತಿಲ್ಲ. ಅವನ ಬದಲಿ ಇದ್ದನಲ್ಲ, ಅವನನ್ನ ಶುಕ್ರವಾರ ತಾನೇ ಬಿಟ್ಟುಬಿಟ್ಟೆ.”

“ಬದಲಿನಾ?”

ಆ ಪದಕ್ಕೆ ಅಪ್ಪನ ಕಿವಿ ನೆಟ್ಟಗಾಯಿತು. ಬ್ಯಾಕಪ್ ಅಂದಿದ್ದರೆ ಕೇಳಿಸಿಕೊಳ್ಳುತ್ತಲೇ ಇರಲಿಲ್ಲವೇನೋ. ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕಾಯಂ ಆಗುವ ಮೊದಲು ಕೆಲವು ವರ್ಷ ಬದಲಿ ಕಂಡಕ್ಟರ್. ಬೆಳಗಿನ ಜಾವ ಐದಕ್ಕೆ ಡಿಪೋಗೆ ಹೋಗಿ ಬೆಂಚಿನ ಮೇಲೆ ಕೂರುವುದು. ಡ್ಯೂಟಿ ಇದ್ದ ಯಾರಾದರೂ ಬರದಿದ್ದರೆ ಅವತ್ತು ಕೆಲಸ, ಸಂಬಳ. ಎಲ್ಲರೂ ಬಂದರೆ ಹತ್ತು ಗಂಟೆಗೆ ಸೈಕಲ್ ತುಳಿದುಕೊಂಡು ವಾಪಸ್. ನಾನು ಚಿಕ್ಕವಳಿದ್ದಾಗ ಅಪ್ಪ ಬೆಳಗ್ಗೆ ಬೇಗ ಮನೆಗೆ ಬಂದರೆ ನನಗೆ ಖುಷಿ. ಅಮ್ಮ ಯಾಕೆ ಮಾತಾಡದೆ ತಟ್ಟೆ ಹಾಕುತ್ತಿದ್ದಳು ಅಂತ ಆಗ ಗೊತ್ತಾಗುತ್ತಿರಲಿಲ್ಲ.

ಅವತ್ತು ಅಪ್ಪನಿಗೆ ಇಡೀ ಆಟ ವಿವರಿಸಿದೆ. ಎರಡನೇ ಹೆಸರಿನವನನ್ನೇ ಯಾಕೆ ಕರೆಯಲ್ಲ ಅನ್ನುವುದನ್ನು ಹೇಳುತ್ತಿದ್ದಾಗ ನಡುವೆಯೇ ತಡೆದರು. “ಅದ್ಯಾಕೆ ಕರೀತಾರಮ್ಮ? ನಮ್ಮಲ್ಲೂ ಹಂಗೇ. ಸೀನಿಯಾರಿಟಿ ಲಿಸ್ಟು ಗೋಡೆ ಮೇಲಿರ್ತಿತ್ತು. ಡ್ಯೂಟಿ ಹಾಕೋ ಸಾಹೇಬ್ರು ಅದನ್ನ ನೋಡ್ತಾನೇ ಇರ್ಲಿಲ್ಲ. ಧರ್ಮಸ್ಥಳದ ಬಸ್ಸು, ಘಾಟಿ ದಾರಿ, ನೈಟ್ ಹಾಲ್ಟು. ಸೋಮವಾರ ತುಂಬಾ ರಷ್ಷು. ಲೆಕ್ಕ ತಪ್ಪದೆ ಇರೋನು ಬೇಕು, ವಾಂತಿ ಮಾಡ್ಕೊಳ್ಳದೆ ಇರೋನು ಬೇಕು. ಬೆಂಚಲ್ಲಿ ಆರು ಜನ ಇದ್ರೂ ಅವರ ಕಣ್ಣು ನೇರ ಒಬ್ಬನ ಮೇಲೆ ಬೀಳ್ತಿತ್ತು.” ನಾಲ್ಕು ವರ್ಷ ನೂರಾರು ಲೇಖನ ಓದಿ ನಾನು ಕಲಿತದ್ದು ಇಷ್ಟೇ.

ಡಿಸೆಂಬರಿನ ಆ ರಾತ್ರಿಯಾದ ಮೇಲೆ ಅಪ್ಪನನ್ನು ಇನ್ನೊಂದು ಪ್ರಶ್ನೆ ಕೇಳಿದೆ. ಮಗ ಕೇಳಿದ್ದು ತಲೆಯಿಂದ ಹೋಗಿರಲಿಲ್ಲ.

“ಅಪ್ಪಾ, ನೀವು ಬೆಂಚಿನ ಮೇಲೆ ಕೂತಿರೋವಾಗ, ಯಾರಾದ್ರೂ ಬರದೇ ಇರ್ಲಿ ಅಂತ ಅಂದ್ಕೊಳ್ತಿದ್ರಾ?”

ಆ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಬೇರೆ ಏನೋ ಹೇಳತೊಡಗಿದರು. ಒಂದು ಮಳೆಗಾಲದ ಬೆಳಗ್ಗೆ. ಧರ್ಮಸ್ಥಳದ ಬಸ್ಸಿನ ಕಾಯಂ ಕಂಡಕ್ಟರ್ ಡಿಪೋಗೆ ಬರುವಾಗ ಲೂನಾದಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರಂತೆ. ಸಾಹೇಬರು ಬೆಂಚಿನ ಕಡೆ ನೋಡಿ ಅಪ್ಪನನ್ನು ಕರೆದರು. ಬಿದ್ದವರ ಹೆಸರು ಬರೆದಿದ್ದ ವೇ ಬಿಲ್ಲಿನಲ್ಲೇ, ಬಸ್ಸಿನ ಲೆಕ್ಕದ ಹಾಳೆಯಲ್ಲೇ, ಆ ಹೆಸರು ಹೊಡೆದು ಅಪ್ಪನ ಹೆಸರು ಬರೆದರು. ಎರಡು ತಿಂಗಳು ದಿನಾ ಡ್ಯೂಟಿ. ನನಗೆ ಸ್ಕೂಲಿನ ಹೊಸ ಶೂ ಬಂದದ್ದು ಆಗಲೇ ಅಂತೆ, ನನಗೆ ಶೂ ಮಾತ್ರ ನೆನಪಿದೆ.

“ಮಾರನೇ ದಿನ ವಾಪಸ್ ಬಂದ್ನಲ್ಲ, ಡಿಪೋದಲ್ಲಿ ದುಡ್ಡು ಕಟ್ಟಿ ಸೀದಾ ಆಸ್ಪತ್ರೆಗೆ ಹೋದೆ. ಒಂದು ಡಜನ್ ಬಾಳೆಹಣ್ಣು ತಗೊಂಡು. ಒಳಗೆ ಹೋಗೋಕೆ ಕಾಲೇ ಬರ್ಲಿಲ್ಲ. ಬಾಗಿಲಲ್ಲೇ ನಿಂತೆ.”

“ಅವರು ಏನಂದ್ರು?”

“ಕಾಲು ಮೇಲಕ್ಕೆ ಕಟ್ಟಿದ್ರು. ನನ್ನ ನೋಡಿ, ‘ಬಾರಯ್ಯ’ ಅಂದ. ‘ಕಲೆಕ್ಷನ್ ಎಷ್ಟಾಯ್ತು?’ ಅಂತ ಕೇಳಿದ.”